ಸಣ್ಣ ಗಾಯ ಮತ್ತು ನಂಜು: ತೋಟದವರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಕಸುಬಿನಲ್ಲಿ ಗಾಯದ ಗುರುತಿಲ್ಲದ ಕೈ ಸಿಗುವುದು ಅಪರೂಪ. ಮರಗಸಿಯ ಕಾಲಕ್ಕೆ ಕತ್ತಿಯ ಏಟು, ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಗೀರು, ಬೇಲಿ ಕಟ್ಟುವಾಗ ಚುಚ್ಚಿದ ಮುಳ್ಳು, ಮಳೆಗಾಲವೆಲ್ಲ ಇಂಬಳದ ಕಡಿತ. ಇವು ದಿನನಿತ್ಯದವಾದ್ದರಿಂದಲೇ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಹುಪಾಲು ಗಾಯಗಳು ತಾವಾಗಿಯೇ ಮಾಯುತ್ತವೆ, ನಿಜ. ಆದರೆ ನಂಜೇರಿದ ಒಂದೇ ಗಾಯ ದುಡಿಯುವ ಮನುಷ್ಯನನ್ನು ಕೊಯ್ಲಿನ ಹೊತ್ತಿಗೆ ಹಾಸಿಗೆಗೆ ಹಾಕಬಲ್ಲದು; ಬೆರಳನ್ನೋ ಪ್ರಾಣವನ್ನೋ ತೆಗೆಯಬಲ್ಲದು. ಅಡಿಕೆಯ ಕೊಳೆರೋಗವನ್ನೂ ಕಾಫಿಯ ಎಲೆತುಕ್ಕನ್ನೂ ಕಂಡಕೂಡಲೇ ಗುರುತಿಸುವ ನಾವು, ಮೈಮೇಲಿನ ಗಾಯದ ಲಕ್ಷಣವನ್ನೂ ಅಷ್ಟೇ ಚೆನ್ನಾಗಿ ತಿಳಿದಿರಬೇಕು.

ನಂಜು ಎಲ್ಲಿಂದ ಬರುತ್ತದೆ?

ಗಾಯವಾದವರಿಗೆ ಬದನೆಕಾಯಿ ಬೇಡ, ಮೀನು ಬೇಡ, ನಂಜಾಗುತ್ತದೆ ಎಂದು ಹಿರಿಯರು ಹೇಳುವುದುಂಟು. ಗಾಯಕ್ಕೆ ನೀರು ತಾಗಿಸಬಾರದೆಂಬ ಮಾತೂ ಇದೆ. ಆದರೆ ನಂಜು ಬರುವುದು ಉಣ್ಣುವ ಬಾಯಿಂದಲ್ಲ, ಗಾಯದ ಬಾಯಿಂದ. ಮಣ್ಣು, ಸಗಣಿ, ಕೊಳೆತ ಎಲೆ, ನಮ್ಮದೇ ಉಗುರು ಮತ್ತು ಚರ್ಮ ಇವುಗಳಲ್ಲಿರುವ ರೋಗಾಣುಗಳು ಸೀಳಿದ ಚರ್ಮದ ಮೂಲಕ ಒಳಹೊಕ್ಕು ಬೆಳೆಯುವುದೇ ನಂಜು. ಹೀಗಿರುವಾಗ ಊಟ ಬಿಡಿಸಿ, ಗಾಯ ತೊಳೆಯದೆ ಇಡುವುದೆಂದರೆ ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದಂತೆ. ಗಾಯ ಮಾಯಲು ಒಳ್ಳೆಯ ಊಟವೂ ಬೇಕು, ಶುದ್ಧ ನೀರೂ ಬೇಕು.

ಮೊದಲು ಮಾಡತಕ್ಕದ್ದು

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಬಾರದು. ರಕ್ತ ನಿಂತ ಬಳಿಕ ನಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಂಡು, ಕುಡಿಯಲು ಯೋಗ್ಯವಾದ ನೀರನ್ನು ಗಾಯದ ಮೇಲೆ ಐದು ನಿಮಿಷವಾದರೂ ಸುರಿದು ಮಣ್ಣು ಕಸವೆಲ್ಲ ಹೋಗುವಂತೆ ತೊಳೆಯಬೇಕು. ಮಳೆಗಾಲದ ಹಳ್ಳದ ಕೆಂಪು ನೀರು ಇದಕ್ಕೆ ಸಲ್ಲದು. ಕುದಿಸಿ ಆರಿಸಿದ ನೀರಾದರೆ ಉತ್ತಮ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ ತೊಳೆದು, ಪೊವಿಡೋನ್ ಅಯೋಡಿನ್ ಔಷಧಿಯನ್ನು ತೆಳುವಾಗಿ ಸವರಿ, ಶುಭ್ರವಾದ ಬಟ್ಟೆ ಅಥವಾ ಗಾಜಿನಿಂದ ಸಡಿಲವಾಗಿ ಮುಚ್ಚಬೇಕು. ಪಟ್ಟಿಯನ್ನು ದಿನಕ್ಕೊಮ್ಮೆ, ಒದ್ದೆಯಾದರೆ ಆಗಲೇ ಬದಲಿಸಬೇಕು.

ಸುಣ್ಣ, ಹೊಗೆಸೊಪ್ಪು, ಜೇಡರ ಬಲೆ, ಸಗಣಿ ಇವನ್ನು ಗಾಯಕ್ಕೆ ಮೆತ್ತಬಾರದು. ಕಾಫಿ ಪುಡಿ ತುಂಬುವ ಪದ್ಧತಿಯೂ ನಮ್ಮಲ್ಲಿದೆ. ಕಾಫಿ ನಾವೇ ಬೆಳೆದದ್ದಾದರೂ ಅದರ ಜಾಗ ಲೋಟವೇ ಹೊರತು ಗಾಯವಲ್ಲ: ಪುಡಿ ರಕ್ತದೊಡನೆ ಗಟ್ಟಿಯಾಗಿ, ಅದರ ಕೆಳಗೆ ಕೀವು ಕಟ್ಟಿದರೂ ಕಾಣದಂತೆ ಮಾಡುತ್ತದೆ. ಮನೆಯಲ್ಲಿ ಉಳಿದ ಕ್ಯಾಪ್ಸೂಲನ್ನು ಒಡೆದು ಗಾಯದ ಮೇಲೆ ಉದುರಿಸುವುದೂ ತಪ್ಪು.

ಇಂಬಳ ಕಚ್ಚಿದ್ದರೆ ಹಿಡಿದು ಎಳೆಯದೆ, ಅದರ ಸಪೂರ ತುದಿಯ ಬಳಿ ಉಗುರನ್ನು ಚರ್ಮಕ್ಕೆ ತಾಗಿಸಿ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿರುವುದರಿಂದ ರಕ್ತ ಬಹಳ ಹೊತ್ತು ಜಿನುಗುತ್ತದೆ, ಗಾಬರಿ ಬೇಡ. ತೊಳೆದು ಒತ್ತಿ ಕಟ್ಟಿದರೆ ಸಾಕು. ನಂಜಾಗುವುದು ಹೆಚ್ಚಾಗಿ ಆಮೇಲೆ ಕೆರೆದುಕೊಳ್ಳುವುದರಿಂದ.

ಮಾಯುವ ಗಾಯ, ನಂಜಾಗುವ ಗಾಯ

ಮೊದಲ ಒಂದೆರಡು ದಿನ ಗಾಯದ ಅಂಚು ತುಸು ಕೆಂಪಾಗಿ ಊದುವುದು, ತಿಳಿಯಾದ ನೀರು ಒಸರುವುದು ಸಹಜ. ಮುಖ್ಯವಾಗಿ ನೋಡಬೇಕಾದದ್ದು ಗಾಯದ ಗಾತ್ರವನ್ನಲ್ಲ, ಅದು ಸಾಗುವ ದಿಕ್ಕನ್ನು. ನೋವು ನಿನ್ನೆಗಿಂತ ಇಂದು ಕಡಿಮೆಯಿದ್ದರೆ ಮಾಯುತ್ತಿದೆ. ಎರಡು ಮೂರು ದಿನಗಳಾದ ಮೇಲೆ ನೋವು ಏರುತ್ತಿದ್ದರೆ, ಟಸಟಸ ಹೊಡೆದುಕೊಳ್ಳುತ್ತಿದ್ದರೆ, ಊತ ಹೆಚ್ಚಿದರೆ, ಹಳದಿ ಅಥವಾ ಹಸಿರು ಕೀವು ಬಂದರೆ, ದುರ್ವಾಸನೆ ಇದ್ದರೆ ಅದು ನಂಜು.

ಕಪ್ಪು ಚರ್ಮದ ಮೇಲೆ ಕೆಂಪು ಸ್ಪಷ್ಟವಾಗಿ ಕಾಣುವುದಿಲ್ಲ. ಆಗ ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ, ಇನ್ನೊಂದು ಕೈ ಅಥವಾ ಕಾಲಿನ ಅದೇ ಜಾಗಕ್ಕೆ ಹೋಲಿಸಬೇಕು. ಬಿಸಿಯಾಗಿ, ಬಿಗಿಯಾಗಿ, ಮಿರುಗುತ್ತಿದ್ದರೆ ಸಂಶಯ ಪಡಬೇಕು. ಕೆಂಪು ಅಥವಾ ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡುವುದು ಸುಲಭ ಉಪಾಯ. ಮರುದಿನ ಅದು ಗೆರೆ ದಾಟಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು.

ಕೆಲವು ಸಂದರ್ಭಗಳಲ್ಲಿ ಮರುದಿನದವರೆಗೂ ಕಾಯಬಾರದು. ಗಾಯದಿಂದ ಮೇಲಕ್ಕೆ ಗೆರೆಯಂತೆ ಕೆಂಪು ಏರಿದರೆ, ಕಂಕುಳಲ್ಲಿ ಅಥವಾ ತೊಡೆಸಂದಿನಲ್ಲಿ ಗಂಟು ನೋಯುತ್ತಿದ್ದರೆ, ಚಳಿಜ್ವರ ಬಂದರೆ, ಗಾಯದ ತೋರಿಕೆಗಿಂತ ನೋವು ವಿಪರೀತವಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಾಯಿ ಬಿಟ್ಟ ಆಳದ ಗಾಯ, ಬೆರಳು ಮಡಿಸಲಾಗದಿರುವುದು ಅಥವಾ ಜೋಮು ಹಿಡಿದಿರುವುದು, ಒಳಗೆ ಮುರಿದ ಮುಳ್ಳು, ಒತ್ತಿದರೂ ನಿಲ್ಲದ ರಕ್ತ ಇವೂ ಹಾಗೆಯೇ. ನಾಯಿ ಅಥವಾ ಕಾಡುಪ್ರಾಣಿ ಕಚ್ಚಿದರೆ ಸೋಪುನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಹೊರಡಬೇಕು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸಣ್ಣ ಗೀರೂ ಸಣ್ಣದಲ್ಲ. ಅವರಿಗೆ ಎಷ್ಟೋ ವೇಳೆ ನೋವೇ ತಿಳಿಯುವುದಿಲ್ಲ.

ಗಾಯವಿದ್ದ ಕಾಲಿನಲ್ಲಿ ಅಡಿಕೆ ತೋಟದ ಕಪ್ಪಿನಲ್ಲೋ ಗದ್ದೆಯ ಕೆಸರಿನಲ್ಲೋ ನಿಂತವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ಇಲಿಜ್ವರವಿರಬಹುದು. ವೈದ್ಯರಿಗೆ ಆ ಗಾಯದ ವಿಷಯವನ್ನೂ ಕೆಸರಿನ ಕೆಲಸವನ್ನೂ ಮರೆಯದೆ ಹೇಳಬೇಕು.

ಧನುರ್ವಾಯು

ತುಕ್ಕು ಹಿಡಿದ ಕಬ್ಬಿಣದಿಂದ ಮಾತ್ರ ಧನುರ್ವಾಯು ಬರುತ್ತದೆಂಬ ನಂಬಿಕೆ ಸರಿಯಲ್ಲ. ಅದರ ರೋಗಾಣು ಮಣ್ಣಿನಲ್ಲಿಯೂ ದನ ಕುದುರೆಗಳ ಸಗಣಿ ಲದ್ದಿಯಲ್ಲಿಯೂ ಇರುತ್ತದೆ. ಕೊಟ್ಟಿಗೆ ಗೊಬ್ಬರ ಹಾಕುವ ನಾವು ಅದರೊಡನೆಯೇ ಬದುಕುತ್ತಿದ್ದೇವೆ. ಆಳಕ್ಕೆ ಚುಚ್ಚಿದ ಸಣ್ಣ ಗಾಯವೇ ಅದಕ್ಕೆ ಅನುಕೂಲ. ಸಾಮಾನ್ಯವಾಗಿ 3 ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ, ಕುತ್ತಿಗೆ ಸೆಡೆಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಅಷ್ಟರಲ್ಲಿ ಗಾಯ ಮಾದಿರಲೂಬಹುದು. ಬಂದ ಮೇಲೆ ಉಳಿಸಿಕೊಳ್ಳುವುದು ಕಷ್ಟ, ಬಾರದಂತೆ ತಡೆಯುವುದು ಸುಲಭ.

ಬೋರ್ಡೋ ದ್ರಾವಣವನ್ನು ಕೊಳೆ ಬಂದ ಮೇಲಲ್ಲ, ಮಳೆ ಹಿಡಿಯುವ ಮೊದಲೇ ಸಿಂಪಡಿಸುತ್ತೇವಷ್ಟೆ. ಈ ಚುಚ್ಚುಮದ್ದಿನ ನ್ಯಾಯವೂ ಅದೇ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿ.ಟಿ. ಬದಲು ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಲಸಿಕೆ ಕೊಡುತ್ತಾರೆ. ಹಿಂದೆಂದೂ ಹಾಕಿಸಿಕೊಳ್ಳದ ವಯಸ್ಕರಿಗೆ ಮೂರು ಬಾರಿ ಬೇಕು: ಮೊದಲನೆಯದು, ನಾಲ್ಕು ವಾರದ ಬಳಿಕ ಎರಡನೆಯದು, ಅದಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೂರನೆಯದು. ಅನಂತರ ಹತ್ತು ವರ್ಷಕ್ಕೊಮ್ಮೆ. ಮಣ್ಣು ಸಗಣಿ ತಾಗಿದ ಅಥವಾ ಆಳದ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಕಳೆದಿದ್ದರೆ ಆಗಲೂ ಒಂದು ಬೇಕು. ಎಂದೂ ಹಾಕಿಸದವರಿಗೆ ಅಂಥ ಗಾಯವಾದರೆ ಬೇರೊಂದು ಮದ್ದೂ ಬೇಕಾಗುವುದರಿಂದ ಆ ಮಾತನ್ನು ವೈದ್ಯರಿಗೆ ತಿಳಿಸಬೇಕು.

ನಮ್ಮ ಹೊಣೆ

ದಿನಗೂಲಿಯ ಮೇಲೆ ಬದುಕುವವರು ಗಾಯವನ್ನು ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬರುತ್ತಾರೆ. ಹೇಳಿದರೆ ಅಂದಿನ ಕೂಲಿ ಹೋದೀತೆಂಬ ಭಯ. ಈ ಭಯವನ್ನು ಹೋಗಲಾಡಿಸುವವರೆಗೆ ಮೇಲಿನ ಪಾಠವೆಲ್ಲ ಅರ್ಧ ಮಾತ್ರ. ಗಾಯ ತೊಳೆದು ಕಟ್ಟಿಸಿಕೊಂಡ ಅರ್ಧ ಗಂಟೆಗೂ, ಆಸ್ಪತ್ರೆಗೆ ಹೋದ ದಿನಕ್ಕೂ ಕೂಲಿ ಕಡಿಯುವುದಿಲ್ಲವೆಂದು ಮೊದಲೇ ಹೇಳಿಬಿಡೋಣ. ತೋಟದ ಉಗ್ರಾಣದಲ್ಲಿ ಸೋಪು, ಶುದ್ಧ ನೀರಿನ ಕ್ಯಾನು, ಗಾಜು, ಪಟ್ಟಿ, ಪೊವಿಡೋನ್ ಅಯೋಡಿನ್, ಕತ್ತರಿ, ಮುಳ್ಳು ತೆಗೆಯುವ ಚಿಮಟ ಇವಿಷ್ಟಿರುವ ಒಂದು ಪೆಟ್ಟಿಗೆ ಇಡೋಣ. ಚೆಕ್‌ರೋಲಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ, ನಮ್ಮ ಹೆಸರೂ ಸೇರಿದಂತೆ, ಧನುರ್ವಾಯು ಚುಚ್ಚುಮದ್ದಿನ ತಾರೀಖು ಬರೆದಿಡೋಣ. ಔಷಧಿ ಸಿಂಪಡಣೆಯ ತಾರೀಖನ್ನು ತಪ್ಪದೆ ಬರೆದಿಡುವ ಸದಸ್ಯ ಬಾಂಧವರಿಗೆ ಇದೇನೂ ಹೊರೆಯಾಗಲಾರದೆಂದು ನಂಬಿದ್ದೇವೆ.