ಪಾಠ 9: ಸೊಕ್ಕಲ್ಲ, ಜಡ್ಡು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇವು ನಮ್ಮ ವಿಜಯಪುರ ಜಿಲ್ಲೆಯ ಊರುಗಳು. ಇಲ್ಲಿ ಮೈಮುರಿದು ದುಡಿಯುವವರು ಬಹಳ. ದುಡಿಯುವ ಮೈಗೆ ನೋವು ತಪ್ಪಿದ್ದಲ್ಲ.

ಇಂಡಿಯ ಹತ್ತಿರ ಒಂದು ಹಳ್ಳಿ. ಅಲ್ಲಿ ಒಬ್ಬ ಹಮಾಲ ಇದ್ದ. ಚೀಲ ಹೊರುವಾಗ ಬಿದ್ದು ಕಾಲು ಮುರಿಯಿತು. ಡಾಕ್ಟರು ಕೆಲವು ದಿನಕ್ಕೆ ಟ್ರಮಡಾಲ್ ಎಂಬ ಗುಳಿಗೆ ಕೊಟ್ಟರು. ನೋವು ಇಳಿಯಿತು. ಕಾಲು ಕೂಡಿತು. ಆದರೆ ಅವನು ಗುಳಿಗೆ ಬಿಡಲಿಲ್ಲ. ಕದ್ದು ತಂದು ನುಂಗತೊಡಗಿದ.

ಅವನ ಹೆಂಡತಿ ನರ್ಸಬಾಯಿಯ ಹತ್ತಿರ ಹೋದಳು.

“ಬಾಯಾರ, ಮೊದಲ ಒಂದ ಗುಳಿಗಿ ಸಾಕಾಗತಿತ್ರಿ. ಈಗ ನಾಕು ನುಂಗಿದ್ರೂ ಸಾಲವಲ್ದು. ಸೊಕ್ಕು ಬಂದೈತಿ ಅಂತ ನಮ್ಮತ್ತಿ ಬೈತಾರ.”

“ಸೊಕ್ಕಲ್ಲವಾ, ಇದು ಜಡ್ಡು. ನಮ್ಮ ಮಿದುಳಿನ್ಯಾಗ ಡೋಪಮಿನ್ ಅನ್ನೋ ರಸ ಐತಿ. ಹಸಿದಾಗ ರೊಟ್ಟಿ ತಿಂದ್ರ, ಕೂಸು ನಕ್ರ, ಅದು ಸ್ವಲ್ಪ ಹೊರಗ ಬರತೈತಿ. ‘ಇದು ಚಲೋ, ಮತ್ತ ಮಾಡು’ ಅಂತ ಹೇಳತೈತಿ.”

“ಗುಳಿಗಿ ಏನ ಮಾಡತೈತ್ರಿ?”

“ಎತ್ತು ಓಡಬಾರದು ಅಂತ ಹಗ್ಗ ಹಿಡೀತೀವಿ. ಹಂಗ ಡೋಪಮಿನ್ ಹೆಚ್ಚಾಗದಂಗ ಹಿಡಿಯೋ ನರಕೋಶ ಅದಾವ. ಈ ಗುಳಿಗಿ ಅವನ್ನ ಮಲಗಸತೈತಿ. ಹಗ್ಗ ಬಿಡತೈತಿ. ಎತ್ತು ಓಡತೈತಿ.”

ಹೀಗೆ ಡೋಪಮಿನ್ ಉಕ್ಕುತ್ತದೆ. ಅನ್ನಕ್ಕಿಂತ ಗುಳಿಗೆಯೇ ಮುಖ್ಯ ಎಂದು ಮಿದುಳು ಕಲಿಯುತ್ತದೆ. ದಿನ ಕಳೆದಂತೆ ಮಿದುಳು ಅದಕ್ಕೆ ಒಗ್ಗುತ್ತದೆ. ಒಂದು ಗುಳಿಗೆ ಸಾಲುವುದಿಲ್ಲ. ರೊಟ್ಟಿ ರುಚಿಸುವುದಿಲ್ಲ. ಕೂಸಿನ ನಗು ಹಿಡಿಸುವುದಿಲ್ಲ. ಗುಳಿಗೆ ತಪ್ಪಿದರೆ ಮೈನೋವು, ಬೆವರು, ಭೇದಿ. ನಿದ್ದೆಯೂ ಬರುವುದಿಲ್ಲ.

ಅಫೀಮು, ಮಾರ್ಫಿನ್, ಹೆರಾಯಿನ್ ಇದೇ ಜಾತಿಯವು. ಗಸಗಸೆ ಕಾಯಿಯ ಹಾಲಿನಿಂದ ಅಫೀಮು ಆಗುತ್ತದೆ. ಟ್ರಮಡಾಲ್ ಕಾರ್ಖಾನೆಯಲ್ಲಿ ಆಗುತ್ತದೆ. 2018 ರಲ್ಲಿ ಸರ್ಕಾರ ಇದನ್ನೂ ಮಾದಕ ವಸ್ತುಗಳ ಕಾನೂನಿಗೆ ಸೇರಿಸಿತು. ಡಾಕ್ಟರು ಹೇಳಿದಷ್ಟೇ ತೆಗೆದುಕೊಂಡರೆ ಇದು ಔಷಧ. ಹೆಚ್ಚು ನುಂಗಿದರೆ, ಸೆರೆಯ ಜೊತೆ ನುಂಗಿದರೆ, ಉಸಿರು ನಿಲ್ಲಬಹುದು.

“ಹಂಗಾದ್ರ ಇವತ್ತ ಬಿಡಸ್ಲೇನ್ರಿ?”

“ಒಮ್ಮಿಗೇ ಬಿಡಸಬ್ಯಾಡ. ಹೊಡೀಬ್ಯಾಡ, ಕಟ್ಟಿ ಹಾಕಬ್ಯಾಡ. ಡಾಕ್ಟರ ಕಡೆ ಕರಕೊಂಡ ಬಾ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರ್ಯಾಗೂ ಚಿಕಿತ್ಸೆ ಐತಿ. 14446 ಕ್ಕ ಫೋನ್ ಮಾಡಿದ್ರ ರೊಕ್ಕ ಬೀಳಂಗಿಲ್ಲ.”

ಅವನು ಚಿಕಿತ್ಸೆಗೆ ಹೋದ. ನಡುವೆ ಒಮ್ಮೆ ಎಡವಿದ. ಹೆಂಡತಿ ಕೈಬಿಡಲಿಲ್ಲ. ಮತ್ತೆ ಕರೆದುಕೊಂಡು ಹೋದಳು. ಒಂದು ಸಂಜೆ ಅವನು ರೊಟ್ಟಿ ಮುರಿದು, “ಇನ್ನೊಂದು ಹಾಕು” ಎಂದ. ಅವಳ ಕಣ್ಣು ತುಂಬಿ ಬಂತು.

ಉತ್ತರ ಹೇಳಿರಿ:
1. ಡೋಪಮಿನ್ ಏನು ಹೇಳುತ್ತದೆ?
2. ಒಂದು ಗುಳಿಗೆ ಏಕೆ ಸಾಲದಾಯಿತು?
3. ನಿಮ್ಮ ಓಣಿಯಲ್ಲಿ ಇಂಥವರಿದ್ದರೆ ನೀವು ಏನು ಮಾಡುವಿರಿ?