ಶಾಸಕರಿಗೆ ಮನವಿ ಕೊಟ್ಟೆವು, ಮುಂದೇನು?

ಕೌಶಲ ತರಬೇತಿಯ ಬಗ್ಗೆ ಕೊಪ್ಪಳ ಜಿಲ್ಲೆಯಿಂದ ಬಂದ ಪತ್ರಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಕೌಶಲ ತರಬೇತಿ ಹೆಸರಿಗಷ್ಟೇ ನಡೀತದ ಅಂತ ನಮ್ಮೂರಿನ ಹದಿನೈದು ಹುಡುಗರು ಸೇರಿ ಮನವಿ ಬರೆದೇವ್ರಿ. ಶಾಸಕರಿಗೆ ಕೊಡಬೇಕೋ, ಸಂಸದರಿಗೋ, ಡಿಸಿ ಸಾಹೇಬರಿಗೋ? ಒಬ್ಬೊಬ್ಬರು ಒಂದೊಂದು ಹೇಳ್ತಾರ. *— ಓದುಗ, ಕುಷ್ಟಗಿ ತಾಲ್ಲೂಕು*

ಉತ್ತರ: ಮೊದಲು ಪ್ರಮಾಣಪತ್ರದ ನೆತ್ತಿಯ ಮೇಲಿರುವ ಲಾಂಛನ ನೋಡಿ. ದುಡ್ಡು ಎಲ್ಲಿಂದ ಬಂತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಕೇಂದ್ರದವು. ಇಂಥ ಯೋಜನೆಗಳ ಲೆಕ್ಕ ಕೇಳುವ ಜಾಗ ಸಂಸದರ ಅಧ್ಯಕ್ಷತೆಯ 'ದಿಶಾ' ಸಭೆ. ನಿಮ್ಮ ಸಂಸದರು 2024ರಲ್ಲಿ ಗೆದ್ದ ಕೆ. ರಾಜಶೇಖರ ಬಸವರಾಜ ಹಿಟ್ನಾಳ. ಜಿಲ್ಲೆಯ ಐದು ಕ್ಷೇತ್ರಗಳಲ್ಲದೆ ಸಿಂಧನೂರು, ಮಸ್ಕಿ, ಸಿರುಗುಪ್ಪವೂ ಅವರ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ಪತ್ರದಲ್ಲಿ ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ಸ್ಪಷ್ಟವಾಗಿ ಬರೆಯಿರಿ.

ಸರ್ಕಾರಿ ಐಟಿಐ ಮತ್ತು ರಾಜ್ಯದ ಕೌಶಲ ಯೋಜನೆಗಳ ವಿಷಯವಾದರೆ ಶಾಸಕರೇ ಸರಿ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಗೆ ಅವರೇ ಅಧ್ಯಕ್ಷರು, ಜಿಲ್ಲಾ ಕೆಡಿಪಿಗೆ ಉಸ್ತುವಾರಿ ಸಚಿವರು. ಈ ಸಭೆಗಳಲ್ಲಿ ಕೃಷಿ, ಕುಡಿಯುವ ನೀರು, ಆರೋಗ್ಯ, ಶಾಲೆ ಮುಗಿಯುವ ಹೊತ್ತಿಗೆ ಊಟದ ವೇಳೆ ಆಗಿರುತ್ತದೆ. ಕೌಶಲ್ಯಾಭಿವೃದ್ಧಿ ಅಧಿಕಾರಿ ಎದ್ದು ನಿಂತು ಎರಡು ಅಂಕಿ ಓದಿ ಕೂರುತ್ತಾರೆ. ಸಭೆಗೆ ಒಂದು ವಾರ ಮೊದಲು ನಿಮ್ಮ ಪತ್ರ ಶಾಸಕರ ಕೈಸೇರಿದ್ದರೆ ಆ ಅಧಿಕಾರಿಯನ್ನು ಮೂರನೆಯ ಅಂಕಿ ಕೇಳಲು ಒಬ್ಬರಾದರೂ ಇರುತ್ತಾರೆ. ಸಭೆಯ ದಿನ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಗೊತ್ತಾಗುತ್ತದೆ.

ನಿಮ್ಮಲ್ಲಿ ಪದವೀಧರರಿದ್ದರೆ ಇನ್ನೊಂದು ಬಾಗಿಲೂ ಇದೆ: ಈಶಾನ್ಯ ಪದವೀಧರ ಕ್ಷೇತ್ರದಿಂದ ಆಯ್ಕೆಯಾದ ವಿಧಾನ ಪರಿಷತ್ ಸದಸ್ಯರು. ಪದವೀಧರರ ಮತದಿಂದಲೇ ಗೆದ್ದವರು. ಅವರಿಗೆ ಉದ್ಯೋಗದ ಬಗ್ಗೆ ಬರೆಯುವವರು ಯಾಕೋ ಕಡಿಮೆ.

ಪ್ರಶ್ನೆ: ಮೂರು ತಿಂಗಳು ಹಾಸ್ಟೆಲಿನಲ್ಲಿದ್ದು ಹೊಲಿಗೆ ಕಲಿತೆ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಕಳಿಸಿದರು. ರೂಮಿನ ಬಾಡಿಗೆ, ಊಟಕ್ಕೇ ಪಗಾರ ಸಾಲಲಿಲ್ಲ, ಎರಡನೇ ತಿಂಗಳಿಗೆ ವಾಪಸ್ ಬಂದೆ. ಅವರ ಲೆಕ್ಕದಲ್ಲಿ ನನಗೆ ಕೆಲಸ ಸಿಕ್ಕಿದೆಯಂತೆ! ಶಾಸಕರಿಗೆ ಏನಂತ ಬರೆಯಲಿ? *— ಹೆಸರು ಬೇಡ, ಯಲಬುರ್ಗಾ*

ಉತ್ತರ: ತಂಗಿ, "ತರಬೇತಿ ಸುಧಾರಿಸಿ" ಎಂದು ಬರೆಯಬೇಡಿ. ಅದಕ್ಕೆ "ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂದು ಷರಾ ಬಿದ್ದು ಕಡತ ಮಲಗುತ್ತದೆ. ಪ್ರಶ್ನೆ ಕೇಳಿ, ಉತ್ತರ ಅಂಕಿಯಲ್ಲೇ ಬರುವಂಥ ಪ್ರಶ್ನೆ. ನಿಮ್ಮದು ದೀನದಯಾಳ್ ಯೋಜನೆಯ ತರಬೇತಿಯಾಗಿದ್ದರೆ, ಅದರ ನಿಯಮದಂತೆ ತರಬೇತಿ ಪಡೆದವರಲ್ಲಿ ಕನಿಷ್ಠ ಶೇ 70ರಷ್ಟು ಜನರಿಗೆ ಕೆಲಸ ಕೊಡಿಸಬೇಕು, ಮೂರು ತಿಂಗಳು ಕೆಲಸದಲ್ಲಿ ಉಳಿದರೆ ಮಾತ್ರ ಅದು ಲೆಕ್ಕಕ್ಕೆ. ನೀವು ಎರಡನೇ ತಿಂಗಳಿಗೇ ಬಂದಿದ್ದೀರಿ. ಹೀಗೆ ಬರೆಯಿರಿ:

"ಕಳೆದ ಮೂರು ವರ್ಷಗಳಲ್ಲಿ ಯಲಬುರ್ಗಾ ತಾಲ್ಲೂಕಿನಿಂದ ಹೊಲಿಗೆ ತರಬೇತಿ ಪಡೆದವರೆಷ್ಟು? ಮೂರು ತಿಂಗಳ ಪಗಾರದ ಚೀಟಿ ಇರುವವರೆಷ್ಟು? ಅವರಲ್ಲಿ ಜಿಲ್ಲೆಯೊಳಗೇ ಕೆಲಸ ಸಿಕ್ಕವರೆಷ್ಟು? ಮುಂದಿನ ಕೆಡಿಪಿ ಸಭೆಯಲ್ಲಿ ಈ ಮಾಹಿತಿ ಪಡೆದು ಅನುಪಾಲನಾ ವರದಿಯಲ್ಲಿ ದಾಖಲಿಸಬೇಕೆಂದು ಕೋರಿಕೆ."

ಕೆಳಗೆ ನಿಮ್ಮ ಕಥೆ ನಾಲ್ಕೇ ಸಾಲು. ಪ್ರಮಾಣಪತ್ರದ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಪಗಾರ ಬಿದ್ದ ಪುಟದ ಜೆರಾಕ್ಸ್. ಇಷ್ಟೇ ಸಾಕು.

ಪಾಸ್‌ಬುಕ್ ಯಾಕೆ ಎನ್ನುತ್ತೀರಾ? ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಬಗ್ಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯ ಪ್ರಕಾರ, ಶೇ 94ಕ್ಕೂ ಹೆಚ್ಚು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಅಂಕಣ ಖಾಲಿ ಇತ್ತು, ಇಲ್ಲವೇ ಸೊನ್ನೆಗಳಿಂದ ತುಂಬಿತ್ತು. ಅವರ ಕಾಗದದಲ್ಲಿ ಸೊನ್ನೆ ಇರುವಾಗ ನಿಮ್ಮ ಕಾಗದದಲ್ಲಿ ನಿಜವಾದ ಅಂಕಿ ಇದ್ದರೆ ಅದಕ್ಕೆ ತೂಕವಿದೆ.

ಇನ್ನೊಂದು ಮಾತು ಸೇರಿಸಿ. ಭಾನಾಪುರದ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಬಟ್ಟೆಯ ಗೊಂಬೆಗೂ ಹೊಲಿಗೆಯವರು ಬೇಕಲ್ಲ! ಹತ್ತಿರದಲ್ಲೇ ಅಂಥದ್ದೊಂದು ಇರುವಾಗ ಯಲಬುರ್ಗಾದ ಹೆಣ್ಣುಮಕ್ಕಳನ್ನು ಬೆಂಗಳೂರಿನ ಬಸ್ಸು ಹತ್ತಿಸುವುದೇಕೆ ಎಂದು ಕೇಳಿ. ನಿಮ್ಮ ಶಾಸಕ ಬಸವರಾಜ ರಾಯರಡ್ಡಿ ಉನ್ನತ ಶಿಕ್ಷಣ ಸಚಿವರಾಗಿದ್ದವರು. ಈ ಪ್ರಶ್ನೆಯನ್ನು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲೇ ಹೊಲಿಯುವ ಮನಸ್ಸಿದ್ದರೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ಅದು. ಊಟ, ವಸತಿ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳಬೇಕೆಂಬ ನಿಯಮವಿದೆ, ಬ್ಯಾಂಕ್ ಸಾಲಕ್ಕೂ ದಾರಿ ಮಾಡಿಕೊಡುತ್ತಾರೆ.

ಪ್ರಶ್ನೆ: ಶಾಸಕರಿಗೆ ವಾಟ್ಸ್‌ಆ್ಯಪ್ ಮಾಡಿದರೆ ಸಾಲದೇ? *— ಓದುಗ, ಗಂಗಾವತಿ*

ಉತ್ತರ: ಸಾಲದು. ನೀಲಿ ಗುರುತು ಬಂದ ಮಾತ್ರಕ್ಕೆ ಸ್ವೀಕೃತಿ ಆಗುವುದಿಲ್ಲ.

ಪ್ರಶ್ನೆ: ಐಟಿಐ ಫಿಟ್ಟರ್ ಮುಗಿಸಿದ್ದೇನೆ. ಗಿಣಿಗೇರಾ ಸುತ್ತ ಇಷ್ಟು ಕಾರ್ಖಾನೆಗಳಿವೆ, ಹೊಗೆ ಮಾತ್ರ ನಮಗೆ. ಶಾಸಕರು ಏನಾದರೂ ಮಾಡಬಹುದೇ? *— ಓದುಗ, ಕೊಪ್ಪಳ*

ಉತ್ತರ: ನೇಮಕಾತಿ ಆದೇಶ ಕೊಡಿಸಲು ಅವರಿಗೆ ಅಧಿಕಾರವಿಲ್ಲ, ಹಾಗೆ ಕೇಳಿದರೆ ಶಿಫಾರಸು ಪತ್ರ ಕೊಟ್ಟು ಕಳಿಸುತ್ತಾರೆ. ಕಾನೂನು ಹಿಡಿದು ಕೇಳಿ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆ ಕೆಲಸಗಾರರೂ ಈ ಲೆಕ್ಕಕ್ಕೆ ಬರುತ್ತಾರೆ. ಗಿಣಿಗೇರಾ, ಬೇವಿನಹಳ್ಳಿ ಭಾಗದ ಪ್ರತಿ ಕಾರ್ಖಾನೆಯಲ್ಲಿ ಈ ವರ್ಷ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ, ಅವರಲ್ಲಿ ಕೊಪ್ಪಳ ಜಿಲ್ಲೆಯ ಐಟಿಐಗಳವರೆಷ್ಟು ಎಂದು ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ಶಾಸಕರಿಗೆ ಬರೆಯಿರಿ. ಅದಕ್ಕೆ ಸಚಿವರು ಸದನದಲ್ಲಿ ಬಾಯಿಬಿಟ್ಟು ಉತ್ತರಿಸಬೇಕು. ಅಧಿವೇಶನ ಆರಂಭವಾದ ಮೇಲೆ ಬರೆದರೆ ತಡವಾಯಿತು. ದಿನಾಂಕ ಪ್ರಕಟವಾದ ವಾರವೇ ಕಳಿಸಿ.

ಪ್ರಶ್ನೆ: ಮನವಿ ಕೊಟ್ಟು ನಾಲ್ಕು ತಿಂಗಳಾಯಿತು. "ಇಲಾಖೆಗೆ ಕಳಿಸಿದ್ದೇವೆ" ಎನ್ನುತ್ತಾರೆ ಪಿಎ. *— ಓದುಗರು, ಗಂಗಾವತಿ*

ಉತ್ತರ: ಮನವಿ ಕೊಡುವಾಗ ಫೋಟೊ ತೆಗೆಸಿಕೊಂಡಿರುತ್ತೀರಿ, ಇನ್‌ವರ್ಡ್ ನಂಬರ್ ಬರೆದುಕೊಂಡಿರಾ? ಮೊದಲು ಆ ನಂಬರ್ ಮತ್ತು ಇಲಾಖೆಗೆ ಕಳಿಸಿದ ಪತ್ರದ ಸಂಖ್ಯೆ, ದಿನಾಂಕ ಕೇಳಿ ಪಡೆಯಿರಿ. ನಂತರ ಆ ಇಲಾಖೆಯ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಆರ್‌ಟಿಐ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಯಾಕೆ ಕ್ರಮ ಕೈಗೊಂಡಿಲ್ಲ?" ಎಂದರೆ ಉತ್ತರ ಬರುವುದಿಲ್ಲ. "ಈ ಪತ್ರದ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಗಳ ನಕಲು ಕೊಡಿ" ಎನ್ನಿ. ಅರ್ಜಿ ತಲುಪಿದ ದಿನದಿಂದ 30 ದಿನದ ಗಡುವು. ಉತ್ತರ ಬಂದವರು ಅದರ ಒಂದು ಜೆರಾಕ್ಸ್ ನಮಗೂ ಕಳಿಸಿ.