ಕಣಿವೆ ದೊಡ್ಡದು, ನಮಗೆ ಬೇಕಿದ್ದದ್ದು ಒಂದೇ ಇಳಿಜಾರು

2023ರ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ತ್ಸಿಲ್ಲರ್‌ಟಾಲ್ ಕಣಿವೆಯಿಂದ ಮ್ಯೂನಿಕ್‌ನ ಮನೆಗೆ ಮರಳಿದ ರಾತ್ರಿ ಮನೆಖರ್ಚಿನ ಪುಸ್ತಕ ತೆರೆದು ಕೂತೆ. ವಸತಿಗೆ 1,500 ಯೂರೋ, ಸ್ಕೀ ಪಾಸಿಗೆ 900, ಮಕ್ಕಳ ತರಬೇತಿಗೆ 500, ಸಲಕರಣೆ ಬಾಡಿಗೆಗೆ 400, ಊಟ, ಪೆಟ್ರೋಲು ಇತ್ಯಾದಿಗೆ 500. ನಾಲ್ಕು ಜನ, ಏಳು ರಾತ್ರಿ, ಒಟ್ಟು 3,800 ಯೂರೋ. ನನ್ನವರ ಮೊಣಕಾಲಿನ ಚಿಕಿತ್ಸೆಯ ಬಿಲ್ಲು ಇದರಲ್ಲಿ ಸೇರಿರಲಿಲ್ಲ.

ದುಡ್ಡು ಹೋಯಿತಲ್ಲ ಎಂಬ ಸಂಕಟಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು. ಇಷ್ಟು ಖರ್ಚಿನಲ್ಲಿ ನಾವು ಅನುಭವಿಸಿದ್ದೆಷ್ಟು, ಸುಮ್ಮನೆ ಕೊಟ್ಟು ಬಂದದ್ದೆಷ್ಟು?

ತ್ಸಿಲ್ಲರ್‌ಟಾಲ್ ಟಿರೋಲ್ ಪ್ರಾಂತ್ಯದ ವಿಶಾಲ ಕಣಿವೆ. ಇನ್ ನದಿಯ ಬದಿಯ ಯೆನ್‌ಬಾಖ್‌ನಿಂದ ಮಾಯರ್‌ಹೋಫೆನ್‌ವರೆಗೆ 32 ಕಿಲೋಮೀಟರ್ ಉದ್ದದ ನ್ಯಾರೋಗೇಜ್ ರೈಲು 1902ರಿಂದ ಓಡುತ್ತಿದೆ. ಎರಡೂ ಬದಿಯ ಬೆಟ್ಟಗಳಲ್ಲಿ ನಾಲ್ಕು ದೊಡ್ಡ ಸ್ಕೀ ಪ್ರದೇಶಗಳಿವೆ; ಎಲ್ಲ ಸೇರಿದರೆ 500 ಕಿಲೋಮೀಟರಿಗೂ ಮಿಕ್ಕ ಇಳಿಜಾರು. ಕಣಿವೆಯ ಕೊನೆಯಲ್ಲಿ ಹಿಂಟರ್‌ಟುಕ್ಸ್ ಹಿಮನದಿ. ಅಲ್ಲಿ ಲಿಫ್ಟು 3,250 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ವರ್ಷವಿಡೀ ಸ್ಕೀ ಮಾಡಬಹುದು. ಎರಡು ದಿನ ಅಥವಾ ಅದಕ್ಕಿಂತ ಹೆಚ್ಚಿನ ಪಾಸ್ ಕೊಂಡರೆ ಈ ನಾಲ್ಕೂ ಕಡೆ ನಡೆಯುತ್ತದೆ.

“ಹೇಗೂ ಹೋಗ್ತಿದೀವಿ, ನಾಲ್ಕು ಜನಕ್ಕೂ ಆರು ದಿನದ್ದೇ ತಗೊಂಡುಬಿಡೋಣ” ಅಂದರು ನನ್ನವರು. ದಿನದ ಲೆಕ್ಕಕ್ಕೆ ಅಗ್ಗ ಬೀಳುತ್ತದೆ ಎಂದು ನಾನೂ ತಲೆಯಾಡಿಸಿದೆ.

ಆ ಆರು ದಿನ ಮಕ್ಕಳು ಕಂಡದ್ದು ಆಹೋರ್ನ್ ಬೆಟ್ಟದ ಮೇಲಿನ ಅಭ್ಯಾಸದ ಜಾಗವನ್ನು ಮಾತ್ರ. ವಿಮಾನ ನಿಲ್ದಾಣದಲ್ಲಿ ಲಗೇಜು ಬರುವ ಪಟ್ಟಿಯಿದೆಯಲ್ಲ, ಅಂಥದ್ದೇ ಒಂದು ಪಟ್ಟಿ ಅವರನ್ನು ನಿಧಾನವಾಗಿ ಮೇಲಕ್ಕೆ ಒಯ್ಯುತ್ತಿತ್ತು. ಸ್ಕೀ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿ ಅಗಲಿಸಿ, ನೂರಿನ್ನೂರು ಹೆಜ್ಜೆಯಷ್ಟು ದೂರ ಜಾರಿ ಬರುವರು. ಮತ್ತೆ ಪಟ್ಟಿ ಹತ್ತುವರು. ಏಳು ವರ್ಷದ ಮಗಳಿಗೆ ಅಷ್ಟೇ ಸ್ವರ್ಗ. ಅವಳ ಜೇಬಿನಲ್ಲಿದ್ದ ಪಾಸು ಮಾತ್ರ 500 ಕಿಲೋಮೀಟರಿನದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತೇವೆ. ಇಲ್ಲಿ ಕಾಲು ಎಷ್ಟುದ್ದ ಎಂದು ನೋಡದೆ ಹಾಸಿಗೆ ಕೊಂಡಿದ್ದೆವು.

ನಾಲ್ಕನೆಯ ದಿನ ಮಧ್ಯಾಹ್ನ ನನ್ನವರು ಬಿದ್ದರು. “ಕಾಲು ಊರೋಕೇ ಆಗ್ತಿಲ್ಲ ಕಣೇ” ಎಂದು ಫೋನಿನಲ್ಲಿ ಹೇಳುವಾಗ ಅವರ ದನಿ ನಡುಗುತ್ತಿತ್ತು. ರಕ್ಷಣಾ ತಂಡದವರು ಕಂಬಳಿ ಸುತ್ತಿ ಜಾರುಬಂಡಿಯಲ್ಲಿ ಮಲಗಿಸಿ ಕೆಳಗಿಳಿಸಿದರು. ಹೋದದ್ದು ಖಾಸಗಿ ಕ್ಲಿನಿಕ್ಕಿಗೆ. ನಮ್ಮ ಬಳಿ ಇದ್ದದ್ದು ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡೊಂದೇ. ಆ ಕಾರ್ಡು ಆಸ್ಟ್ರಿಯಾದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನಡೆಯುತ್ತದೆ; ಖಾಸಗಿ ಕ್ಲಿನಿಕ್ಕಿನಲ್ಲಿ ನಾವೇ ಹಣ ಕಟ್ಟಬೇಕು. ಕಟ್ಟಿದೆವು. ಆಮೇಲೆ ವಿಮೆಯಿಂದ ಮರಳಿ ಬಂದದ್ದು ಒಂದು ಪಾಲು ಮಾತ್ರ. ಜಾರುಬಂಡಿಯ ಬಿಲ್ಲು ಪ್ರತ್ಯೇಕವಾಗಿ ಬಂತು, ಅದು ಪೂರ್ತಿ ನಮ್ಮದೇ. ಪುಣ್ಯಕ್ಕೆ ಬರೀ ಉಳುಕು. ಹೆಲಿಕಾಪ್ಟರ್ ಬರಬೇಕಾಗಿದ್ದರೆ ಬಿಲ್ಲು ಸಾವಿರಗಳಲ್ಲಿ ಇರುತ್ತಿತ್ತು. ವಿರಾಮದ ಆಟದಲ್ಲಿ ಪೆಟ್ಟಾದವರನ್ನು ಬೆಟ್ಟದಿಂದ ಇಳಿಸುವ ವೆಚ್ಚ ಸಾಮಾನ್ಯವಾಗಿ ಸರ್ಕಾರಿ ವಿಮೆಯೊಳಗೆ ಬರುವುದಿಲ್ಲ.

ಹೆಚ್ಚು ಬೇಕಿಲ್ಲದ ಕಡೆ ಧಾರಾಳ, ಬೇಕೇಬೇಕಾದ ಕಡೆ ಶೂನ್ಯ. ನಮ್ಮ ಯೋಜನೆಯ ತಪ್ಪು ಇದೇ. ಮರುವರ್ಷ, 2024ರ ಈಸ್ಟರ್ ರಜೆಗೆ ಅದೇ ಕಣಿವೆಗೆ ಹೊರಟಾಗ ಲೆಕ್ಕವನ್ನು ಕೆಳಗಿನಿಂದ ಕಟ್ಟುತ್ತ ಬಂದೆ.

ಮೊದಲು ಬರೆದುಕೊಂಡದ್ದು ವಿಮೆ. 1862ರಲ್ಲಿ ಸ್ಥಾಪನೆಯಾದ ಆಸ್ಟ್ರಿಯಾದ ಆಲ್ಪೆನ್‌ಫೆರೈನ್ ಸಂಘದ ಸದಸ್ಯತ್ವದೊಂದಿಗೆ ರಕ್ಷಣಾ ವೆಚ್ಚಕ್ಕೆ 25,000 ಯೂರೋವರೆಗಿನ ವಿಮೆ ಸೇರಿಯೇ ಬರುತ್ತದೆ, ವಿದೇಶದಲ್ಲಿರುವವರೂ ಸದಸ್ಯರಾಗಬಹುದು. ಜೊತೆಗೆ ಖಾಸಗಿ ಚಿಕಿತ್ಸೆಗೂ ಅನ್ವಯಿಸುವ ಪ್ರವಾಸ ವಿಮೆ ತೆಗೆದುಕೊಂಡೆವು. ನಾವು ಇನ್ನೊಬ್ಬರಿಗೆ ಡಿಕ್ಕಿ ಹೊಡೆದರೆ ಪರಿಹಾರ ಕೊಡುವ ಹೊಣೆಗಾರಿಕೆ ವಿಮೆ ಚಾಲ್ತಿಯಲ್ಲಿದೆಯೇ ಎಂದೂ ನೋಡಿಕೊಂಡೆ. ಮುಂದೆ ಹೋಗುತ್ತಿರುವವರಿಗೆ ಅಪಾಯವಾಗದಂತೆ ದಾರಿ ಆರಿಸಿಕೊಳ್ಳುವುದು ಹಿಂದಿನವರ ಕರ್ತವ್ಯ ಎಂಬುದು ಇಳಿಜಾರಿನ ನಿಯಮ. ಅಲ್ಲಿ ತಪ್ಪಿದರೆ ದಂಡ ತೆರಬೇಕಾದವರು ನಾವೇ.

ಎರಡನೆಯದು ಕಲಿಕೆ. ಮಕ್ಕಳ ತರಬೇತಿಯಲ್ಲಿ ನಾನು ಒಂದು ದಿನವನ್ನೂ ಕಡಿಮೆ ಮಾಡಲಿಲ್ಲ, ಉಳಿದ ದೊಡ್ಡ ಖರ್ಚನ್ನು ಅದರ ಅಳತೆಗೆ ತಂದೆ. ನಾಲ್ಕು ದಿನ ತರಬೇತಿ, ಅವರಿಗೆ ನಾಲ್ಕೇ ದಿನದ ಪಾಸು. ನಮಗಿಬ್ಬರಿಗೆ ಎರಡೆರಡು ದಿನದ್ದು. ಒಬ್ಬರು ಬೆಟ್ಟದಲ್ಲಿದ್ದಾಗ ಇನ್ನೊಬ್ಬರು ಮಕ್ಕಳ ಬಳಿ. ಮೊದಲ ಬಾರಿ ಹೋಗುವವರು ಪಾಸ್ ಕೊಳ್ಳುವ ಮುಂಚೆ ತರಬೇತಿ ಶಾಲೆಗೆ ಒಂದು ಮಾತು ಕೇಳಿ: ಆರಂಭದ ದಿನಗಳಿಗೆ ಯಾವ ಲಿಫ್ಟು ಸಾಕು? ಆ ಉತ್ತರಕ್ಕೆ ನೂರಾರು ಯೂರೋ ಬೆಲೆಯಿದೆ.

ಮೂರನೆಯದು ದಿನಾಂಕ. ಬವೇರಿಯಾದಲ್ಲಿ ಫೆಬ್ರುವರಿಯ ಕಾರ್ನಿವಲ್ ವಾರ ಶಾಲೆಗೆ ರಜೆ, ಊರಿಗೆ ಊರೇ ಬೆಟ್ಟ ಹತ್ತುತ್ತದೆ, ಬಾಡಿಗೆಯೂ ಹತ್ತುತ್ತದೆ. ಈಸ್ಟರ್ ಹೊತ್ತಿಗೆ ಕೆಳಗೆ ಹಿಮ ಕರಗಿದರೂ ಮೇಲೆ ಹಿಮನದಿಯ ಭರವಸೆ ಇರುತ್ತದೆ. ಇನ್ನೂ ಶಾಲೆಗೆ ಸೇರದ ಮಕ್ಕಳಿರುವವರಿಗೆ ಜನವರಿ 6ರ ಹಬ್ಬ ಮುಗಿದ ಮೇಲಿನ ವಾರಗಳು ಒಳ್ಳೆಯವು.

ಉಳಿದದ್ದು ಸಣ್ಣಸಣ್ಣ ಉಳಿತಾಯ. ಕಾರು ಬಿಟ್ಟು ರೈಲು ಹಿಡಿದೆವು. ಬಯರ್ನ್ ಟಿಕೆಟ್ ಆಸ್ಟ್ರಿಯಾದ ಗಡಿ ದಾಟಿ ಕುಫ್‌ಸ್ಟೈನ್‌ವರೆಗೂ ನಡೆಯುತ್ತದೆ, ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ. ಮುಂದಿನ ದಾರಿಗೆ ಮಾತ್ರ ಬೇರೆ ಟಿಕೆಟ್. ಮಕ್ಕಳ ಹಿಮದ ಪ್ಯಾಂಟು, ಕೈಗವಸುಗಳನ್ನು ಊರಿನ ಕನ್ನಡದ ಗೆಳತಿಯರಿಂದ ಎರವಲು ತಂದೆ. ಬೆಳೆಯುವ ಮಕ್ಕಳ ಬಟ್ಟೆ ಹೀಗೆ ಮನೆಯಿಂದ ಮನೆಗೆ ಹೋಗುತ್ತಿದ್ದರೆ ಎಲ್ಲರಿಗೂ ಲಾಭ. ಅಡುಗೆಮನೆ ಇರುವ ವಸತಿ ಹಿಡಿದು, ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದೆ. ಕೇಬಲ್ ಕಾರಿನಲ್ಲಿ ಬೆಚ್ಚಗಿನ ಸ್ಟೀಲ್ ಡಬ್ಬಿಯನ್ನು ಮಗಳು ಎದೆಗವಚಿಕೊಂಡು ನಿಂತಿದ್ದಳು. ಒಂದು ಮಧ್ಯಾಹ್ನ ಮಾತ್ರ ಬೆಟ್ಟದ ಹೋಟೆಲಿನಲ್ಲಿ ಅಲ್ಲಿಯದೇ ಕ್ರಾಪ್ಫೆನ್ ತಿಂದೆವು. ತೆಳ್ಳನೆ ಹಾಳೆಯೊಳಗೆ ಆಲೂಗಡ್ಡೆ, ಚೀಸು ತುಂಬಿ ಎಣ್ಣೆಯಲ್ಲಿ ಕರಿದದ್ದು. ಆ ಖರ್ಚಿಗೆ ನನಗೆ ಬೇಸರವಿಲ್ಲ. ಅದಕ್ಕೆಂದೇ ಉಳಿಸಿದ್ದೆವು.

ಐದು ರಾತ್ರಿಗೆ 2,080 ಯೂರೋ ಆಯಿತು, ವಿಮೆ ಬೇರೆ. ರಾತ್ರಿಗೆ ಸುಮಾರು 540 ಇದ್ದದ್ದು 415ಕ್ಕೆ ಇಳಿಯಿತು.

ಕೊನೆಯ ದಿನ ಮಗಳು ಅಭ್ಯಾಸದ ಪಟ್ಟಿ ಬಿಟ್ಟು ಮೊದಲ ಬಾರಿ ನೀಲಿ ಗುರುತಿನ ಸುಲಭ ಇಳಿಜಾರಿನಲ್ಲಿ ಇಳಿದಳು. ಅವಳ ಹಿಂದೆ, ಸಾಕಷ್ಟು ಅಂತರ ಬಿಟ್ಟು, ಅಪ್ಪ. ಕೆಳಗೆ ನಿಂತು ನೋಡುತ್ತಿದ್ದ ನನಗೆ ಹಿಂದಿನ ವರ್ಷದ ದಿಗಿಲು ಇರಲಿಲ್ಲ. ಅಂದು ಬಳಸದೆ ಉಳಿದ ಪಾಸು ನಷ್ಟವಾಗಿತ್ತು. ಈ ಬಾರಿ ಬಳಸದೆ ಉಳಿದದ್ದು ವಿಮೆ. ಅದರ ಒಂದು ಯೂರೋ ಕೂಡ ದಂಡವಾಗಲಿಲ್ಲ.